ಹಿಲ್ಕಾಳ ಗಂಡ ಹುಡುಕುತ್ತಿದ್ದ ಹಾಡು

ಹುಡುಕುವುದಕ್ಕೂ ಒಂದು ಮಿತಿ ಬೇಡವೇ? ಕಳೆದುಹೋದ ಹಸುವನ್ನು ಹುಡುಕುವವನು ಕೂಡ ಹೊತ್ತು ಮುಳುಗಿದ ಮೇಲೆ ಮನೆಗೆ ಬಂದು ಉಣ್ಣುತ್ತಾನೆ. ಹಿಲ್ಕಾಳ ಗಂಡ ತೌನೊ ಮಾತ್ರ ಒಂದು ಹಾಡು ಹುಡುಕಲು ಕಂಪ್ಯೂಟರ್ ಮುಂದೆ ಕೂತವನು ಮೂರು ಬೇಸಿಗೆ ಕಳೆದರೂ ಎದ್ದಿರಲಿಲ್ಲ.

ಹಿಲ್ಕಾ ಕೌಹಾವಾ ಎಂಬ ಊರಿನ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಗುರುವಾರ ಬಂತೆಂದರೆ ಬಟಾಣಿ ಸಾರು, ಉಳಿದ ದಿನ ಆಲೂಗಡ್ಡೆ, ಮೀನು, ಗಂಜಿ. ಊರಿನ ಅರ್ಧ ಜನ ಅವಳ ಕೈಯೂಟ ಉಂಡು ದೊಡ್ಡವರಾದವರು. ದೊಡ್ಡ ಮಾತಿಲ್ಲ, ದೊಡ್ಡ ಆಸೆಯೂ ಇಲ್ಲ. ಅವಳಿಗಿದ್ದ ಹುಚ್ಚು ಒಂದೇ, ಕುಣಿತ. ಬೇಸಿಗೆಯ ಶನಿವಾರ ಬಂದರೆ ಹೊಳೆದಂಡೆಯ ಮರದ ಮಂಟಪದಲ್ಲಿ ಅಕಾರ್ಡಿಯನ್ ಶುರುವಾಗುವ ಮೊದಲೇ ಅವಳ ಕಾಲು ಅಡುಗೆಮನೆಯಲ್ಲಿ ಕುಣಿಯುತ್ತಿತ್ತು. ಆ ಮಂಟಪದಲ್ಲೇ ತೌನೊ ಸಿಕ್ಕಿದ್ದು. ಆಗ ಅವನು ಡೇರಿಯ ಹಾಲಿನ ಲಾರಿ ಓಡಿಸುತ್ತಿದ್ದ. ಮಾತು ಕಡಿಮೆ, ಆದರೆ ಟ್ಯಾಂಗೊ ಕುಣಿದರೆ ನೆಲಕ್ಕೂ ತಿಳಿಯದಷ್ಟು ಹಗುರ. ಮದುವೆಯಾಗಿ ಮಕ್ಕಳಾಗಿ, ಮಕ್ಕಳು ತಂತಮ್ಮ ಪಾಡಿಗೆ ಹೋದ ಮೇಲೂ ಶನಿವಾರದ ಕುಣಿತ ತಪ್ಪಿರಲಿಲ್ಲ.

ತಪ್ಪಿಸಿದ್ದು ಈ ಹಾಡು.

ತೌನೊಗೆ ಹಳೆಯ ರೆಕಾರ್ಡುಗಳ ಚಾಳಿ ಮೊದಲಿನಿಂದಲೂ ಇತ್ತು. ಒಂದು ಕೋಣೆಯ ತುಂಬ, ನೆಲದಿಂದ ಸೂರಿನವರೆಗೆ ರೆಕಾರ್ಡುಗಳೇ. ನಿವೃತ್ತಿಯಾದ ಮೇಲೆ ಅಂತರ್ಜಾಲದ ಒಂದು ಗುಂಪಿಗೆ ಸೇರಿಕೊಂಡ. ಹಳೆಯ ಕುಣಿತದ ಹಾಡುಗಳ ಗುಂಪು ಅದು. ಯಾರೋ ಕೇಳುತ್ತಾರೆ, ಬಲ್ಲವರು ಹೇಳುತ್ತಾರೆ. ತೌನೊ ಅಲ್ಲಿ ಬಲ್ಲವರ ಸಾಲಿನವನು. ಯಾವ ವರ್ಷ, ಯಾವ ಕಂಪನಿ, ಹಿಂದಿನ ಬದಿಯಲ್ಲಿ ಯಾವ ಹಾಡು, ಅಕಾರ್ಡಿಯನ್ ಬಾರಿಸಿದವನು ಯಾರು, ಕೇಳಿದ್ದೇ ತಡ, ಪಟಪಟ ಬರೆಯುತ್ತಿದ್ದ. ಮನೆಯಲ್ಲಿ "ಉಪ್ಪು ಕೊಡು" ಅನ್ನುವುದಕ್ಕೂ ಮಾತು ಎಣಿಸುವವನು ಅಲ್ಲಿ ಪುಟಗಟ್ಟಲೆ ಕೊರೆಯುತ್ತಿದ್ದ.

ಹೀಗಿರುವಾಗ ಒಂದು ಚಳಿಗಾಲದಲ್ಲಿ ಅವನ ತಲೆಗೆ ಆ ಯೋಚನೆ ಹೊಕ್ಕಿತು. ತಾನೂ ಹಿಲ್ಕಾಳೂ ಮೊದಲ ಸಲ ಕುಣಿದ ಟ್ಯಾಂಗೊ ಯಾವುದು? ರಾಗ ನೆನಪಿದೆ, ಅಲ್ಲಲ್ಲಿ ಮಾತೂ ನೆನಪಿದೆ, ಹೆಸರು ಮಾತ್ರ ಇಲ್ಲ. ಹುಡುಗಿಯೊಬ್ಬಳು ಕಣಜಕ್ಕೆ ಬೀಗ ಹಾಕುವುದರಿಂದ ಹಾಡು ಶುರು. ಕೊನೆಯಲ್ಲಿ ದೋಣಿಗಟ್ಟೆಯ ದೀಪ ಬರುತ್ತದೆ.

"ಕಣಜಕ್ಕೆ ಬೀಗ ಹಾಕಿ, ದೋಣಿ ಹತ್ತಿ ಓಡಿ ಹೋಗ್ತಾಳೆ. ಅದೇ ಹಾಡಿನ ಕತೆ," ಎಂದು ಊಟದ ಮೇಜಿನಲ್ಲಿ ಗಂಭೀರವಾಗಿ ಹೇಳಿದ.

"ಯಾರ ಜೊತೆ ಓಡಿ ಹೋಗ್ತಾಳೆ?" ಎಂದಳು ಹಿಲ್ಕಾ.

"ಅದು ನಡುವಿನ ಚರಣದಲ್ಲಿ ಇರುತ್ತೆ. ಹಾಡು ಸಿಗ್ಲಿ, ಗೊತ್ತಾಗುತ್ತೆ. ಹೌದು, ಆವತ್ತು ಮಂಟಪದ ಅಂಗಡೀಲಿ ಆ ರೆಕಾರ್ಡು ಮಾರ್ತಿದ್ರಲ್ಲ, ಲೇಬಲ್ ಯಾವ ಬಣ್ಣ ಇತ್ತು? ನೀಲಿಯಾ ಕೆಂಪಾ?"

"ನನಗೇನು ಗೊತ್ತು ಮಾರಾಯ! ನಾನು ಲೇಬಲ್ ನೋಡ್ತಿದ್ನಾ ಆವತ್ತು?"

"ಸರಿ ಬಿಡು, ನಿನಗೆ ನೆನಪಿಲ್ಲ," ಎಂದ ತೌನೊ. ಅವಳನ್ನು ಕೇಳಿದ್ದು ಅಷ್ಟೇ. ಆಮೇಲೆ ಕೇಳಲೇ ಇಲ್ಲ.

ಮೊದಲು ಹಿಲ್ಕಾಗೂ ಖುಷಿಯೇ ಆಗಿತ್ತು. ನಲವತ್ತು ವರ್ಷದ ಸಂಸಾರವಾದ ಮೇಲೆ ಯಾವ ಗಂಡಸು ಮೊದಲ ಹಾಡು ಹುಡುಕುತ್ತಾನೆ ಹೇಳಿ? ಅಕ್ಕಪಕ್ಕದವರಿಗೂ ಹೇಳಿಕೊಂಡಳು. ಆದರೆ ಮೊದಲ ಬೇಸಿಗೆ ಬಂತು. ಶನಿವಾರ ಸಂಜೆ ಅವಳು ಸೌನಾದ ಹಬೆಸ್ನಾನ ಮುಗಿಸಿ, ಕುಣಿತದ ಬೂಟು ಒರೆಸಿಟ್ಟು, "ಹೊರಡೋಣ್ವಾ?" ಎಂದರೆ, "ಹಾಡು ಸಿಗ್ಲಿ ತಾಳು. ಸಿಕ್ಕಿದ ಮೇಲೆ ಅದಕ್ಕೇ ಕುಣಿಯೋಣ. ಇನ್ನೇನು ಸಿಕ್ಕಿಬಿಡುತ್ತೆ," ಎಂಬ ಉತ್ತರ. ಎರಡನೆಯ ಬೇಸಿಗೆಯಲ್ಲೂ ಅದೇ. ಫೋನಿಗೆ ರಾಗ ಗುನುಗಿದರೆ ಹಾಡು ಹೇಳಿಬಿಡುತ್ತದೆ ಎಂದು ಯಾರೋ ಹೇಳಿದರೆಂದು ಕೋಣೆಯ ಬಾಗಿಲು ಹಾಕಿಕೊಂಡು ಗುನುಗಿದ. ಫೋನು ಒಮ್ಮೆ ಬ್ರೆಜಿಲ್ಲಿನ ಹಾಡು ಅಂದಿತು, ಇನ್ನೊಮ್ಮೆ ಮಕ್ಕಳ ಹಲ್ಲಿನ ಪೇಸ್ಟಿನ ಜಾಹೀರಾತು ಅಂದಿತು. ಹಿಲ್ಕಾ ಬಾಗಿಲಾಚೆ ನಿಂತು ನಕ್ಕಳು, ಆಮೇಲೆ ನಗುವೂ ಬರಲಿಲ್ಲ. ಅವಳು ಒಬ್ಬಳೇ ಒಂದೆರಡು ಸಲ ಮಂಟಪಕ್ಕೆ ಹೋಗಿಬಂದಳು. ಕುಣಿಯಲು ಕರೆಯುವ ಗಂಡಸರಿಗೇನೂ ಬರವಿರಲಿಲ್ಲ. ಆದರೆ ಮನೆಯಲ್ಲಿ ಗಂಡ ತಮ್ಮಿಬ್ಬರದೇ ಹಾಡು ಹುಡುಕುತ್ತಾ ಕೂತಿರುವಾಗ ಪರರ ತೋಳಲ್ಲಿ ಕುಣಿಯುವುದು ಅವಳಿಗೆ ರುಚಿಸಲಿಲ್ಲ.

ಮೂರನೆಯ ಬೇಸಿಗೆಗೆ ತೌನೊನ ಸೊಂಟ ಕೈಕೊಟ್ಟಿತು. ಬಲಗಡೆಯ ಕೀಲು ಸವೆದಿದೆ, ಚಳಿ ಶುರುವಾಗುವ ಮೊದಲು ಬದಲಾಯಿಸೋಣ ಎಂದರು ಡಾಕ್ಟರು. ಆಮೇಲೆ ನಡೆದಾಡಬಹುದು, ಟ್ಯಾಂಗೊ ತಿರುವುಗಳ ಬಗ್ಗೆ ಮಾತು ಕೊಡಲಾರೆ ಎಂದೂ ಹೇಳಿದರು. ಇನ್ನುಳಿದದ್ದು ಈ ಬೇಸಿಗೆ ಒಂದೇ. ಅದರಲ್ಲೂ ಜುಲೈ ಆಗಲೇ ಮುಗಿಯುತ್ತಾ ಬಂದಿತ್ತು.

"ಹಾಡು ಹಾಳಾಗಿ ಹೋಗ್ಲಿ! ಯಾವುದೋ ಒಂದಕ್ಕೆ ಕುಣಿಯೋಣ ಬಾ," ಎಂದಳು.

"ಯಾವುದೋ ಒಂದಕ್ಕೆ ಯಾಕೆ? ಹತ್ತಿರ ಬಂದಿದ್ದೀನಿ."

"ಹೋಗ್ಲಿ, ಆ ನಿನ್ನ ಗುಂಪಲ್ಲಿ ಕೇಳಬಾರದಾ? ಅಷ್ಟು ಜನ ಇದ್ದಾರಲ್ಲ."

ತೌನೊ ತಿರುಗಿ ಅವಳನ್ನು ನೋಡಿದ. ಬೀದಿಯಲ್ಲಿ ಬಟ್ಟೆ ಬಿಚ್ಚು ಅಂದಳೇನೋ ಅನ್ನುವ ಹಾಗಿತ್ತು ಅವನ ಮುಖ. "ನಾನು? ಕೇಳೋದಾ? ಅಲ್ಲಿ ನಾನು ಹೇಳೋನು ಕಣೇ, ಕೇಳೋನಲ್ಲ. ನಾನೇ ಹೋಗಿ 'ಒಂದು ಟ್ಯಾಂಗೊ ಇದೆ, ಹೆಸರು ಗೊತ್ತಿಲ್ಲ' ಅಂದ್ರೆ ಆ ಕಲೆರ್ವೊ ಮುಖದ ಮೇಲೆ ನಗ್ತಾನೆ."

ಕಲೆರ್ವೊ ಎಂದರೆ ಗುಂಪಿನ ಯಜಮಾನ, ತುರ್ಕು ಊರಿನವನು. ಅವನನ್ನು ತೌನೊ ಕಣ್ಣಿಂದ ಕಂಡವನೇ ಅಲ್ಲ. ಕಾಣದ ಮನುಷ್ಯನ ನಗೆಗೆ ಹೆದರಿ ಕಟ್ಟಿಕೊಂಡವಳ ಮೂರು ಬೇಸಿಗೆ ಸುಡುವುದೆಂದರೆ! ಹಿಲ್ಕಾ ಹಣೆ ಚಚ್ಚಿಕೊಂಡಳು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು ಅವಳ ಮಾತು.

ಮರುದಿನ ಅವನು ಸೊಂಟಕ್ಕೆ ವ್ಯಾಯಾಮ ಮಾಡಿಸಿಕೊಳ್ಳಲು ಹೋದಾಗ ಅವಳೇ ತನ್ನ ಫೋನಿನಿಂದ ಆ ಗುಂಪಿಗೆ ಸೇರಿದಳು. ತನ್ನ ಹುಟ್ಟುಮನೆಯ ಹೆಸರಿನಲ್ಲಿ ಸೇರಿದಳು, ಗಂಡನ ಮಾನ ಹೋಗಬಾರದಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದಳು: ನಮ್ಮ ಮೊದಲ ಕುಣಿತದ ಟ್ಯಾಂಗೊ, ಕಣಜದ ಬೀಗದಿಂದ ಶುರು, ದೋಣಿಗಟ್ಟೆಯ ದೀಪದಲ್ಲಿ ಮುಕ್ತಾಯ, ಗಂಡನ ಸೊಂಟ ಹೋಗುವ ಮೊದಲು ಒಮ್ಮೆ ಕುಣಿಯಬೇಕು, ದಯವಿಟ್ಟು ಹೇಳಿ.

ಕಾಫಿ ಬಸಿಯುವಷ್ಟರಲ್ಲಿ ಗಂಡಸರ ಉತ್ತರಗಳ ಸುರಿಮಳೆ. ಒಬ್ಬ ಕೇಳಿದ, ವರ್ಷ ಯಾವುದು? ಇನ್ನೊಬ್ಬ, ಕಂಪನಿ ಯಾವುದು? ಮತ್ತೊಬ್ಬ, ದೇಶದ ಧ್ವನಿಮುದ್ರಿಕೆಗಳ ದೊಡ್ಡ ಪಟ್ಟಿ ನೋಡಿದಿರಾ, ಮೊದಲು ಅದನ್ನು ನೋಡಿ ಆಮೇಲೆ ಬನ್ನಿ. ನಾಲ್ಕನೆಯವನು ದೋಣಿಗಟ್ಟೆ ಎಂಬ ಮಾತು ಬಂದದ್ದೇ ನೆಪವಾಗಿ ತನಗೆ ಗೊತ್ತಿರುವ ದೋಣಿಯ ಹಾಡುಗಳನ್ನೆಲ್ಲ ಇತಿಹಾಸ ಸಮೇತ ಬರೆದ, ಅದರಲ್ಲಿ ಟ್ಯಾಂಗೊ ಒಂದೂ ಇರಲಿಲ್ಲ. ಐದನೆಯವನು ನಾಲ್ಕನೆಯವನ ಇಸವಿ ತಪ್ಪು ಎಂದ. ಅಲ್ಲಿಂದ ಅವರಿಬ್ಬರ ಜಗಳ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಇವರು. ಕೊನೆಗೆ ಕಲೆರ್ವೊ ಬಂದು, "ಸೊಂಟದ ವಿಷಯ ಇಲ್ಲಿ ಬೇಡಮ್ಮ. ಹಾಡಿನ ಮಾಹಿತಿ ಮಾತ್ರ ಬರೆಯಿರಿ," ಎಂದು ಆ ಮಾತುಕತೆಗೇ ಬಾಗಿಲು ಹಾಕಿದ.

ಹಿಲ್ಕಾಗೆ ಮೈಯೆಲ್ಲ ಉರಿಯಿತು. "ಮಾಹಿತಿ ಇದ್ದಿದ್ರೆ ನಿಮ್ಮನ್ಯಾಕೆ ಕೇಳ್ತಿದ್ದೆ, ಮುಠ್ಠಾಳರಾ!" ಎಂದು ಫೋನಿಗೇ ಬೈದಳು. ಗುಂಪಿನ ಹಳೆಯ ಪ್ರಶ್ನೆಗಳನ್ನು ಕೆಳಗೆ ಕೆಳಗೆ ತಳ್ಳಿ ನೋಡಿದಳು. ಹೆಂಗಸರು ಕೇಳಿದ್ದಕ್ಕೆಲ್ಲ ಇದೇ ಗತಿ. ಅಮ್ಮ ಪರದೆ ಹೊಲಿಯುತ್ತಾ ಹಾಡುತ್ತಿದ್ದ ಹಾಡು ಎಂದು ಒಬ್ಬಳು ಬರೆದರೆ, ಪರದೆ ಮಾಹಿತಿಯಲ್ಲ ಎಂದು ಉತ್ತರ. ಆಮೇಲೆ ಆ ಹೆಂಗಸಿನ ಸುದ್ದಿಯೇ ಇಲ್ಲ. ಇವರೆಲ್ಲ ಎಲ್ಲಿ ಹೋಗುತ್ತಾರೆ ಎಂದು ಯೋಚಿಸುತ್ತಿರುವಾಗಲೇ ಫೋನು ಟಿಣ್ ಎಂದಿತು. ಲಪುವಾ ಊರಿನ ಲೆಂಪಿ ಎಂಬವಳು ಖಾಸಗಿಯಾಗಿ ಬರೆದಿದ್ದಳು.

"ಆ ಗೋಡೆಗೆ ತಲೆ ಚಚ್ಚಿಕೊಳ್ಬೇಡ ಕಣಮ್ಮಾ. ನಾವು ಹೆಂಗಸರು ಹಿಂದುಗಡೆ ಬಾಗಿಲಲ್ಲಿ ಮಾತಾಡ್ಕೋತೀವಿ. ನಾನು ಮುದುಕಿ, ಎಂಬತ್ತಾಯ್ತು, ಕಾಣದ ಮಂಟಪ ಇಲ್ಲ. ಅಲ್ಲಿ ಮೀಸೆ ತಿರುವೋ ಗಂಡಸರೂ ಎಷ್ಟೋ ಜನ 'ಯಾರಿಗೂ ಹೇಳ್ಬೇಡಿ' ಅಂತ ನನ್ನನ್ನೇ ಕೇಳ್ಕೊಂಡು ಬರ್ತಾರೆ. ಇರ್ಲಿ. ಫೋನ್ ಮಾಡು, ಬರೆದರೆ ನನ್ನ ಬೆರಳು ನೋಯುತ್ತೆ."

ಹಿಲ್ಕಾ ಫೋನ್ ಮಾಡಿದಳು. ಲೆಂಪಿ ಇಸವಿ ಕೇಳಲಿಲ್ಲ, ಕಂಪನಿ ಕೇಳಲಿಲ್ಲ.

"ಆವತ್ತು ಏನು ಉಟ್ಟಿದ್ದೆ?"

"ಹಳದಿ ಲಂಗ. ಅಕ್ಕಂದು."

"ಕಾಫಿ ಬಿಡುವಿಗೆ ಮುಂಚೇನಾ, ಆಮೇಲಾ?"

"ಆಮೇಲೆ. ಕೈಯೆಲ್ಲ ಸಾಸಿವೆ ಆಗಿತ್ತು, ಸಾಸೇಜ್ ತಿಂದಿದ್ದೆ. ಒರೆಸ್ಕೊಳ್ಳೋಷ್ಟರಲ್ಲಿ ಅವನು ಬಂದು ಕರೆದ."

"ಒಳ್ಳೇ ಮಾತು. ಏನಾದ್ರೂ ಮಾತಾಡಿದ್ನಾ?"

"ಅಯ್ಯೋ, ಕುಣಿಯೋವಾಗ ಅವನು ಮಾತಾಡೋದುಂಟಾ? ನಡುವೆ ಮಾತಾಡಿದ. ಅಕಾರ್ಡಿಯನ್ನಿನವನು ಕುತ್ತಿಗೆ ಒರೆಸ್ಕೊಳ್ತಿದ್ದ. ಆವಾಗ ನನ್ನ ಹೆಸರು ಕೇಳಿದ, ಹೇಳಿದೆ. ಹಾಲಿನ ಲಾರಿ ಓಡಿಸ್ತೀನಿ ಅಂದ. ನನಗೆ ನಗು ಬಂತು, ಅದನ್ನ ಯಾರಾದ್ರೂ ಅಷ್ಟು ಗಂಭೀರವಾಗಿ ಹೇಳ್ತಾರಾ ಅಂತ. ಅವನಿಗೂ ನಗು ಬಂತು. ಕೈ ಮಾತ್ರ ಬಿಡಲಿಲ್ಲ. ಆಮೇಲೆ ಮತ್ತೆ ಕುಣಿದ್ವಿ."

ಲೆಂಪಿ ಅಲ್ಲೇ ತಡೆದಳು. "ನಡುವೆ ಅಂದ್ಯಲ್ಲ ಮಗಳೇ, ಏನರ ನಡುವೆ?"

ಹಿಲ್ಕಾ ಕಾಫಿ ಲೋಟ ಮೇಜಿನ ಮೇಲಿಟ್ಟಳು.

ಮಂಟಪದ ರೀತಿ ಇಲ್ಲಿ ಮಕ್ಕಳಿಗೂ ಗೊತ್ತು. ಗಂಡು ಒಮ್ಮೆ ಕರೆದನೆಂದರೆ ಎರಡು ಹಾಡು ಕುಣಿಯಬೇಕು. ಮೊದಲನೆಯದು ಮುಗಿದರೆ ಜೋಡಿ ಅಲ್ಲೇ ನಿಂತಿರುತ್ತದೆ, ಎರಡನೆಯದೂ ಮುಗಿದ ಮೇಲೆ ಹೆಣ್ಣನ್ನು ಅವಳ ಜಾಗಕ್ಕೆ ಕರೆತಂದು ಬಿಟ್ಟು ಥ್ಯಾಂಕ್ಸ್ ಹೇಳಬೇಕು. ಒಂದೇ ಹಾಡಿಗೆ ವಾಪಸು ತಂದುಬಿಟ್ಟರೆ ಅದಕ್ಕಿಂತ ದೊಡ್ಡ ಅವಮಾನ ಬೇರೆ ಇಲ್ಲ.

"ಎರಡು ಹಾಡು," ಎಂದಳು ಹಿಲ್ಕಾ.

"ಎರಡೇ ಮತ್ತೆ! ಒಂದು ಬೇಸಿಗೆ ನಮ್ಮ ಕಡೆ ಪ್ರತಿಯೊಂದು ವಾದ್ಯದವರೂ 'ಕಣಜದ ಬೀಗ' ಬಾರಿಸಿ, ಅದರ ಹಿಂದೇನೇ 'ದೋಣಿಗಟ್ಟೆ ದೀಪ' ಬಾರಿಸ್ತಿದ್ರು. ಎರಡಕ್ಕೂ ಕುಣಿದು ನನ್ನ ಬೂಟಿನ ಹಿಮ್ಮಡಿ ಸವೆದು ಹೋಗಿತ್ತು. ನಿನ್ನ ಗಂಡ ಎರಡನ್ನೂ ಸೇರಿಸಿ ಹೊಲಿದುಕೊಂಡಿದ್ದಾನೆ."

ಇಷ್ಟೇ. ಮೂರು ಬೇಸಿಗೆಯ ಹುಡುಕಾಟ ಒಂದು ಲೋಟ ಕಾಫಿ ತಣ್ಣಗಾಗುವುದರೊಳಗೆ ಮುಗಿದಿತ್ತು. ಹಿಲ್ಕಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೆಚ್ಚಾಗಿ ಬಂದದ್ದು ಸಿಟ್ಟು, ಅದರಲ್ಲೊಂದು ಪಾಲು ತನ್ನ ಮೇಲೂ ಇತ್ತು. ಅವನು ಗುನುಗಿದ್ದನ್ನು ಅಷ್ಟು ಸಲ ಕೇಳಿಯೂ, ಬಲ್ಲವನು ಹೇಳುತ್ತಿದ್ದಾನೆ ಇರಬೇಕು ಎಂದು ಸುಮ್ಮನಿದ್ದವಳು ಅವಳೇ ತಾನೆ?

ತೌನೊ ಬಂದ ಕೂಡಲೇ ಹೇಳಿದಳು. ಅವನು ಕೋಟು ಕೂಡ ತೆಗೆಯಲಿಲ್ಲ.

"ಆಗೋದೇ ಇಲ್ಲ. 'ಕಣಜದ ಬೀಗ' ನನ್ನ ಹತ್ರ ಇದೆ. ಮೊದಲ ಚಳಿಗಾಲವೇ ಕೇಳಿ ನೋಡಿದ್ದೆ. ಶುರು ಸರಿ ಇದೆ, ಕೊನೆ ಬೇರೆ. ಅದಲ್ಲ."

"'ದೋಣಿಗಟ್ಟೆ ದೀಪ'?"

"ಅದೂ ಇದೆ. ಅದರ ಕೊನೆ ಸರಿ, ಶುರು..." ಎಂದವನು ನಿಲ್ಲಿಸಿದ.

ಎರಡೂ ಇದ್ದವು! ಮನೆಯಲ್ಲೇ, ಅವನದೇ ಕೋಣೆಯಲ್ಲಿ, ಒಂದೇ ಗೂಡಿನಲ್ಲಿ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುವುದು ಇದಕ್ಕೇ. ಶುರು ಸರಿ ಇದ್ದದ್ದನ್ನು ಕೊನೆ ಸರಿಯಿಲ್ಲವೆಂದು, ಕೊನೆ ಸರಿ ಇದ್ದದ್ದನ್ನು ಶುರು ಸರಿಯಿಲ್ಲವೆಂದು ತಳ್ಳಿಹಾಕಿ ಕೂತಿದ್ದ ಮಹಾನುಭಾವ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಎರಡೂ ರೆಕಾರ್ಡು ಒಂದಾದ ಮೇಲೊಂದು ಹಾಕಿ, ಕುರ್ಚಿಯ ಬೆನ್ನು ಹಿಡಿದು ನಿಂತು ಕೇಳಿದ. ಮುಗಿದ ಮೇಲೂ ಸೂಜಿ ಕರಕರ ಅನ್ನುತ್ತಿತ್ತು, ಎತ್ತಲಿಲ್ಲ.

"ಮೊದಲೇ ಹೇಳಬಾರದಿತ್ತಾ ನೀನು?" ಎಂದ.

ಇದನ್ನು ಕೇಳಿ ಯಾವ ಹೆಂಗಸಿಗೆ ನೆತ್ತಿಗೇರುವುದಿಲ್ಲ?

"ಕೇಳಿದ್ಯಾ ನೀನು?"

"ಕೇಳಿದ್ದೆ."

"ಲೇಬಲ್ ಬಣ್ಣ ಕೇಳಿದ್ದೆ ನೀನು! ಏನಾಯ್ತು ಆವತ್ತು ಅಂತ ಕೇಳಿದ್ಯಾ? ನಡುವೆ ನಿಂತ್ಕೊಂಡು ನನ್ನ ಹೆಸರು ಕೇಳಿದ್ಯಲ್ಲೋ. ನಕ್ಕಿದ್ಯಲ್ಲೋ. ಅದನ್ನೇ ಕತ್ತರಿಸಿ ಎಸೆದು, ಎರಡು ತುದಿ ತಂದು ಗಂಟು ಹಾಕ್ಕೊಂಡು, ಅದಕ್ಕೊಂದು ಓಡಿಹೋಗೋ ಹುಡುಗಿ ಕತೆ ಬೇರೆ ಕಟ್ಟಿದೀಯ! ಆ ನಡುವಿನ ಚರಣ ಇಲ್ಲೇ ಒಲೆ ಮುಂದೆ ಆಲೂಗಡ್ಡೆ ಬೇಯಿಸ್ತಿತ್ತು ಕಣೋ!"

ತೌನೊನ ಕಿವಿ ಕೆಂಪಗಾಯಿತು. ಸೂಜಿ ಎತ್ತಿಟ್ಟು, "ಶನಿವಾರ ಹೋಗೋಣ," ಎಂದ.

ಹಿಲ್ಕಾ ಮಂಟಪದ ವಾದ್ಯದವರಿಗೆ ಫೋನ್ ಮಾಡಿ ಎರಡೂ ಹಾಡಿನ ಹೆಸರು ಹೇಳಿದಳು. ಅವರು ಒಪ್ಪಿಕೊಂಡರು.

ಶನಿವಾರ ಹೊಳೆಯ ಮೇಲೆ ಇನ್ನೂ ಬಿಸಿಲಿತ್ತು. ಮಂಟಪದ ಒಂದು ಬದಿಗೆ ಹೆಂಗಸರ ಸಾಲು, ಎದುರು ಬದಿಗೆ ಗಂಡಸರ ಸಾಲು. ಗಂಡ ಹೆಂಡತಿ ಜೊತೆಯಲ್ಲೇ ಬಂದಿದ್ದರೂ ತೌನೊ ಹಟ ಹಿಡಿದು ಆಚೆ ಸಾಲಿಗೆ ಹೋಗಿ ನಿಂತ. ಕರೆಯುವುದಾದರೆ ಕ್ರಮವಾಗಿಯೇ ಕರೆಯಬೇಕಂತೆ! ಅಕಾರ್ಡಿಯನ್ನಿನವನು ಶುರು ಮಾಡಿದ ಕೂಡಲೇ ಅಷ್ಟಗಲ ನೆಲವನ್ನು ಕುಂಟುತ್ತಾ ದಾಟಿ ಬಂದು ಅವಳ ಮುಂದೆ ತಲೆ ಬಾಗಿಸಿದ. ಅಷ್ಟು ನಡೆದದ್ದಕ್ಕೇ ಹಣೆ ಬೆವತಿತ್ತು. "ಅಲ್ಲೇ ಪಕ್ಕದಲ್ಲಿ ನಿಂತಿದ್ರೆ ಆಗ್ತಿರಲಿಲ್ವಾ, ಹಟಮಾರಿ," ಎಂದು ಗೊಣಗುತ್ತಲೇ ಹಿಲ್ಕಾ ಕೈ ಕೊಟ್ಟಳು.

ಕುಣಿದರು. ಮೊದಲಿನ ಹಗುರ ಎಲ್ಲಿಂದ ಬರಬೇಕು? ಬಲಕ್ಕೆ ತಿರುಗುವಾಗಲೆಲ್ಲ ಅವನ ಉಸಿರು ಹಿಡಿದುಕೊಳ್ಳುತ್ತಿತ್ತು, ಅವಳಿಗೆ ಅದು ಕೈಯಲ್ಲೇ ತಿಳಿಯುತ್ತಿತ್ತು. ಅವಳು ಮೆಲ್ಲನೆ ಎಡಕ್ಕೇ ಎಳೆದುಕೊಂಡು ಹೋದಳು. ಹಾಗೂ ಹೀಗೂ ಬೀಗದ ಹಾಡು ಮುಗಿಯಿತು. ಜೋಡಿಗಳೆಲ್ಲ ನಿಂತಲ್ಲೇ ನಿಂತರು. ತೌನೊನ ಮುಖ ಬಿಳಿಚಿತ್ತು. ಬಲಗಾಲು ನೆಲಕ್ಕೆ ಊರುತ್ತಿರಲಿಲ್ಲ.

"ಸಾಕು. ಬಾ, ಕೂತ್ಕೊಳ್ಳೋಣ," ಎಂದಳು.

"ಒಂದೇ ಹಾಡಿಗೆ ನಿನ್ನ ವಾಪಸು ಬಿಡ್ಲಾ? ಆಗಲ್ಲ."

"ಯಾರು ನೋಡ್ತಾರೋ ಈಗ? ನಿನ್ನ ಸೊಂಟ..."

"ಆಗಲ್ಲ ಅಂದ್ನಲ್ಲ."

ದೋಣಿಗಟ್ಟೆಯ ಹಾಡು ಶುರುವಾಯಿತು. ಸುತ್ತಲಿನವರು ಹೆಜ್ಜೆ ಹಾಕಿದರು. ತೌನೊ ಒಂದು ಹೆಜ್ಜೆ ಇಟ್ಟ, ಇನ್ನೊಂದು ಇಡಲಾಗಲಿಲ್ಲ. ನಡು ನೆಲದಲ್ಲಿ ಅವಳನ್ನು ಹಿಡಿದುಕೊಂಡು ಕಂಬದ ಹಾಗೆ ನಿಂತುಬಿಟ್ಟ. ಕುಣಿಯುವವರು ಮೈಗೆ ತಾಗಿ, ಕ್ಷಮೆ ಕೇಳಿ, ಸುತ್ತುಹಾಕಿ ಹೋಗುತ್ತಿದ್ದರು. ಹಿಲ್ಕಾ ಅವನ ಭಾರವನ್ನು ತನ್ನ ಹೆಗಲಿಗೆ ತೆಗೆದುಕೊಂಡಳು. ಅವಳಿಗೆ ಸಿಟ್ಟೂ ಅಳುವೂ ಒಟ್ಟೊಟ್ಟಿಗೆ ಬಂದವು.

"ಸೊಂಟ ಇದ್ದಾಗ ಹಾಡು ಇರಲಿಲ್ಲ ನೋಡು," ಎಂದ ತೌನೊ, ಅವಳ ಕಿವಿಯ ಹತ್ತಿರ.

"ಹಾಡು ಇತ್ತು ಕಣೋ. ಮನೇಲೇ ಇತ್ತು. ನಾನೂ ಇದ್ದೆ. ನೀನೇ ಇರಲಿಲ್ಲ."

ಅವನು ಹಿಡಿದ ಕೈ ಬಿಡಲಿಲ್ಲ. ಹಾಡು ಪೂರ್ತಿ ಮುಗಿಯುವವರೆಗೆ ಹಾಗೇ ನಿಂತಿದ್ದು, ಆಮೇಲೆ ಅವಳ ಹೆಗಲಿಗೆ ಒರಗಿಕೊಂಡೇ ಅವಳನ್ನು ಹೆಂಗಸರ ಸಾಲಿನವರೆಗೆ ಕರೆತಂದು ಬಿಟ್ಟು, ಕ್ರಮದ ಪ್ರಕಾರ ಥ್ಯಾಂಕ್ಸ್ ಹೇಳಿದ.